ಕೆರೆಯ ಬಾತುಗಳಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಹತ್ತು ಹದಿನೈದು ಬಾತುಕೋಳಿಗಳಿವೆ. ಸಂಜೆ ಬಂದವರೆಲ್ಲ ಬ್ರೆಡ್ಡು, ಬಿಸ್ಕತ್ತು, ಚರುಮುರಿ ಎಸೆಯುತ್ತಾರೆ. ಈ ಎಪ್ರಿಲಿನಲ್ಲಿ ನೀರು ಹಸುರುಗಟ್ಟಿ ನಾತ ಬಂತು, ಕೆಲವು ಬಾತುಗಳು ಕತ್ತು ಜೋತುಬಿದ್ದು ಸತ್ತವು. ಬ್ರೆಡ್ಡಿನಲ್ಲಿ ವಿಷವಿದೆಯೆ?
— ನೀರ್ಚಾಲಿನ ಓದುಗರು

ಉತ್ತರ: ತಾಜಾ ಬ್ರೆಡ್ಡಿನಲ್ಲಿ ವಿಷವಿಲ್ಲ. ಅದರಲ್ಲಿ ಹೊಟ್ಟೆ ತುಂಬುವ ಪಿಷ್ಟವಿದೆ, ಬಾತಿಗೆ ಬೇಕಾದ ಪ್ರೋಟೀನು, ಕ್ಯಾಲ್ಸಿಯಂ, ನಯಾಸಿನ್ ಎಂಬ ಜೀವಸತ್ವ ಸಾಕಷ್ಟಿಲ್ಲ. ಹೊಟ್ಟೆ ತುಂಬಿದ ಬಾತು ಹುಳ, ಬಸವನಹುಳು, ಪಾಚಿ ಹುಡುಕಿಕೊಂಡು ಹೋಗುವುದಿಲ್ಲ. ಆದರೆ ನಿಮ್ಮ ಕೆರೆಯ ಬಾತುಗಳನ್ನು ಕೊಂದದ್ದು ಅವು ತಿಂದ ಬ್ರೆಡ್ಡಲ್ಲ, ತಿನ್ನದೆ ಬಿಟ್ಟದ್ದು ಎನ್ನುವ ಸಂಭವವೇ ಹೆಚ್ಚು.

ನೆನೆದ ಬ್ರೆಡ್ಡು ತಳಕ್ಕಿಳಿದು ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಮಾರ್ಚಿನಿಂದ ಮೇ ತನಕ ನಮ್ಮ ಕೆರೆಗಳಿಗೆ ಹೊಸ ನೀರು ಬರುವುದಿಲ್ಲ, ಇದ್ದ ನೀರು ಇಳಿದು ಬಿಸಿಯಾಗಿರುತ್ತದೆ. ಬಿಸಿಯಾದ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೊಟುಲಿಸಂ ಎಂಬ, ಸ್ನಾಯು ಸೋಲಿಸುವ ರೋಗ ತರುವ ಬ್ಯಾಕ್ಟೀರಿಯಾ ಬೆಳೆದು ನಂಜು ಉತ್ಪಾದಿಸುತ್ತದೆ. ಮೊದಲು ಕಾಲು ಸೋಲುತ್ತದೆ, ಹಕ್ಕಿ ರೆಕ್ಕೆಯಿಂದ ನೀರು ಬಡಿಯುತ್ತ ಮುಂದೆ ಹೋಗುತ್ತದೆ. ಆಮೇಲೆ ರೆಕ್ಕೆ, ಕೊನೆಗೆ ಕತ್ತು. ತಲೆ ಎತ್ತಲಾಗದ ಬಾತು ನೀರಿನಲ್ಲೇ ಮುಳುಗಿ ಸಾಯುತ್ತದೆ. ಸತ್ತ ಹಕ್ಕಿಯ ಮೈಯಲ್ಲಾಗುವ ಹುಳಗಳಲ್ಲಿ ನಂಜು ಸೇರಿಕೊಂಡಿರುತ್ತದೆ. ಅವನ್ನು ಹೆಕ್ಕಿ ತಿಂದ ಇನ್ನೊಂದು ಬಾತಿಗೂ ಅದೇ ಗತಿ. ಒಂದು ಹೆಣ ಎರಡು ದಿನ ದಡದಲ್ಲಿ ಬಿದ್ದಿದ್ದರೆ ಸಾವು ಹೀಗೆ ಸರಪಳಿಯಾಗುತ್ತದೆ.

ಹಾಗಾಗಿ ಸತ್ತ ಹಕ್ಕಿಯನ್ನು ಅಂದೇ ತೆಗೆಯಬೇಕು. ಕೈಗವಸು, ಮಾಸ್ಕ್ ಹಾಕಿಕೊಂಡು, ಕೆರೆಯಿಂದಲೂ ಬಾವಿಯಿಂದಲೂ ದೂರ, ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಕಾಲು ಸೋತ ಬಾತುಗಳನ್ನು ನೆರಳಿಗೆ ತಂದು, ತಲೆ ಮೇಲಿರುವಂತೆ ಕೂರಿಸಿ, ಶುದ್ಧ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಬೇಕು. ಕುತ್ತಿಗೆಗೆ ಇನ್ನೂ ಬಲವಿದ್ದರೆ ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುವುದುಂಟು. ನುಂಗಲಾಗದ ಹಕ್ಕಿಯ ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಅದನ್ನು ಪಶುವೈದ್ಯರಿಗೆ ಬಿಡಿ.

ಒಂದು ಎಚ್ಚರಿಕೆ. ಒಂದೆರಡು ದಿನದಲ್ಲೇ ಹಲವು ಹಕ್ಕಿಗಳು ಸತ್ತರೆ, ಕತ್ತು ತಿರುಚಿಕೊಂಡರೆ, ಸುತ್ತುಸುತ್ತು ತಿರುಗಿದರೆ, ಕಣ್ಣು ಹಾಲುಬಣ್ಣಕ್ಕೆ ತಿರುಗಿದರೆ ಬೊಟುಲಿಸಂ ಎಂದು ನೀವೇ ತೀರ್ಮಾನಿಸಬೇಡಿ. ಅದು ಹಕ್ಕಿಜ್ವರವಾಗಿರಬಹುದು. ಕೇರಳದ ಆಲಪ್ಪುಳದ ಬಾತುಗಳಲ್ಲಿ 2014, 2016, 2021, 2024ರಲ್ಲಿ ಅದು ಕಾಣಿಸಿಕೊಂಡಿದೆ. ಮುಟ್ಟದೆ, ಹೂಳದೆ, ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಮಕ್ಕಳನ್ನು ದೂರ ಇಡಿ. ಸಾಯುತ್ತಿರುವ ಬಾತನ್ನು ಕೊಯ್ದು ತಿನ್ನುವ ಯೋಚನೆ ಯಾವ ಸಂದರ್ಭದಲ್ಲೂ ಬೇಡ.

ಇನ್ನು ಏನು ಹಾಕಬಹುದು? ಕೆಲವು ಗಂಟೆ ನೆನೆಸಿದ ಭತ್ತ, ಕುಚ್ಚಲಕ್ಕಿ ನುಚ್ಚು, ಒಡೆದ ಜೋಳ, ಸಣ್ಣಗೆ ಹೆಚ್ಚಿದ ಬಸಳೆ, ಹರಿವೆ, ನುಗ್ಗೆ ಸೊಪ್ಪು. ಬೆಳೆದ ಬಾತಿನ ದಿನದ ಆಹಾರ ಸುಮಾರು 150 ಗ್ರಾಂ. ಎಸೆಯುವ ತಿಂಡಿ ಅದರ ಹತ್ತನೇ ಒಂದು ಪಾಲು ಮೀರದಿದ್ದರೆ ಒಳ್ಳೆಯದು, ಅಂದರೆ ತಲೆಗೆ 15 ಗ್ರಾಂ. ಕಾಲು ಲೀಟರ್ ಲೋಟದ ತುಂಬ ಭತ್ತ ತೂಗಿದರೆ ಹತ್ತಿರ ಹತ್ತಿರ 150 ಗ್ರಾಂ ಇರುತ್ತದೆ. ಹತ್ತು ಬಾತುಗಳಿಗೆ ಇಡೀ ದಿನಕ್ಕೆ ಅಷ್ಟೇ ಸಾಕು, ಬಂದವರೆಲ್ಲ ಒಂದೊಂದು ಲೋಟ ಹಾಕುವುದಲ್ಲ. ಐದು ನಿಮಿಷದಲ್ಲಿ ಮುಗಿಯದಿದ್ದರೆ ಹಾಕಿದ್ದು ಹೆಚ್ಚಾಯಿತು. ಚರುಮುರಿ ತೇಲುತ್ತದೆ, ಉಳಿದದ್ದನ್ನು ಬಲೆಯಿಂದ ಎತ್ತಬಹುದು, ಆದರೆ ಉಪ್ಪು ಖಾರ ಬೆರೆಸಿದ್ದು ಬೇಡ. ಬೂಸ್ಟು ಹಿಡಿದ ಬ್ರೆಡ್ಡನ್ನಂತೂ ಹಾಕಲೇಬಾರದು. ಅದರ ಶಿಲೀಂಧ್ರ ಹಕ್ಕಿಯ ಶ್ವಾಸಕೋಶದಲ್ಲೇ ಬೆಳೆಯಬಲ್ಲದು.

ಪ್ರಶ್ನೆ: ಅಡಿಕೆ ತೋಟದಲ್ಲಿ ಹತ್ತು ಸೆಂಟ್ಸ್ ಕೆರೆ ಇದೆ, ಮೀನು ಬಿಟ್ಟಿದ್ದೇವೆ. ಎಷ್ಟು ಬಾತು ಸಾಕಬಹುದು? ತೆಂಗಿನ ಹಿಂಡಿ ಧಾರಾಳ ಸಿಗುತ್ತದೆ, ಅದನ್ನೇ ಕೊಡಬಹುದೇ?
— ಪೆರ್ಲದ ಕೃಷಿಕರು

ಉತ್ತರ: ಮೀನಿನ ಕೆರೆಗೆ ಹೆಕ್ಟೇರಿಗೆ 200ರಿಂದ 300 ಬಾತು ಎಂಬುದು ಚಾಲ್ತಿಯಲ್ಲಿರುವ ಲೆಕ್ಕ. ಸೆಂಟ್ಸಿಗೆ ಒಂದು ಎಂದಿಟ್ಟುಕೊಳ್ಳಿ, ನಿಮ್ಮ ಕೆರೆಗೆ ಹತ್ತು. ಅದಕ್ಕಿಂತ ಹೆಚ್ಚಾದರೆ ಹಿಕ್ಕೆಯೇ ಗೊಬ್ಬರವಾಗಿ ಪಾಚಿ ಏಳುತ್ತದೆ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಬೇಸಗೆಯಲ್ಲಿ ನೀರು ಅರ್ಧಕ್ಕಿಳಿದರೆ ಬಾತುಗಳನ್ನೂ ಅರ್ಧ ದಿನ ಮಾತ್ರ ಬಿಡಿ.

ಹಿಂಡಿಯ ವಿಷಯದಲ್ಲಿ ನಮ್ಮ ಸಲಹೆ ಕಟ್ಟುನಿಟ್ಟು: ಮಳೆಗಾಲದಲ್ಲಿ ಬೇಡವೇ ಬೇಡ. ತೇವ ತಾಗಿದ ತೆಂಗಿನ ಹಿಂಡಿಯಲ್ಲೂ ನೆಲಗಡಲೆ ಹಿಂಡಿಯಲ್ಲೂ ಅಫ್ಲಾಟಾಕ್ಸಿನ್ ಎಂಬ ನಂಜು ಹುಟ್ಟುತ್ತದೆ. ಸಾಕುಹಕ್ಕಿಗಳಲ್ಲಿ ಅದನ್ನು ತಾಳಿಕೊಳ್ಳುವ ಶಕ್ತಿ ತೀರಾ ಕಡಿಮೆ ಇರುವುದು ಬಾತುಮರಿಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳ ಜತೆ ಬಾತುಮರಿಗಳೂ ರಾಶಿರಾಶಿ ಸತ್ತಾಗಲೇ ಈ ನಂಜು ಬೆಳಕಿಗೆ ಬಂದದ್ದು. ಅಲ್ಲಿ ಕಾರಣ ಬೂಸ್ಟು ಹಿಡಿದ ನೆಲಗಡಲೆ ಹಿಂಡಿ. ಬೇಯಿಸಿದರೂ ಬಿಸಿಲಿಗೊಣಗಿಸಿದರೂ ನಂಜು ಪೂರ್ತಿ ಹೋಗುವುದಿಲ್ಲ. ಕಣ್ಣಿಗೆ ಬೂಸ್ಟು ಕಾಣದಿದ್ದರೂ ನಂಜಿರಬಹುದು.

ಮೊಟ್ಟೆಯಿಡುವ ಬಾತಿಗೆ ಮನೆಯಲ್ಲೇ 10 ಕಿಲೋ ಆಹಾರ ಮಾಡಿಕೊಳ್ಳುವ ಕ್ರಮ ಹೀಗೆ: ಜೋಳದ ಹುಡಿ ಅಥವಾ ನುಚ್ಚು 5 ಕಿಲೋ, ತೌಡು 2 ಕಿಲೋ, ಸೋಯಾ ಹಿಂಡಿ 1.6 ಕಿಲೋ, ಉಪ್ಪು ಹಾಕದ ಒಣಮೀನಿನ ಹುಡಿ 600 ಗ್ರಾಂ, ಕಪ್ಪೆಚಿಪ್ಪಿನ ತರಿ 700 ಗ್ರಾಂ, ಖನಿಜ ಮಿಶ್ರಣ 100 ಗ್ರಾಂ. ಪ್ರೋಟೀನು ಸುಮಾರು 17 ಶೇಕಡಾ ಬರುತ್ತದೆ. ಪೇಟೆಯ ಉಪ್ಪುಮೀನನ್ನು ಹುಡಿ ಮಾಡಿ ಹಾಕಬಾರದು, ಬಾತಿಗೆ ಉಪ್ಪು ಏರಿದರೆ ನರಕ್ಕೆ ಹೊಡೆಯುತ್ತದೆ. ಹೊಸ ತೌಡನ್ನೇ ಬಳಸಿ, ಹಳತಾದರೆ ಕಮಟುತ್ತದೆ. ಇಡೀ ದಿನ ತೋಟದಲ್ಲಿ ಮೇಯುವ ಬಾತಿಗೆ ಸಂಜೆ ತಲೆಗೆ 60–70 ಗ್ರಾಂ ಸಾಕು, ಕಟ್ಟಿಹಾಕಿ ಸಾಕುವುದಾದರೆ ಪೂರ್ತಿ 150 ಗ್ರಾಂ ಬೇಕು. ನೀರು ಚಿಮುಕಿಸಿ ಉದುರುದುರಾಗಿ ಕಲಸಿ ಕೊಡಿ. ಒಣಹುಡಿ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ. ಕಲಸಿ ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಪಕ್ಕದಲ್ಲಿ ಐದಾರು ಇಂಚು ಆಳದ ನೀರಿರಲಿ, ಮೂಗಿನ ಹೊಳ್ಳೆಯೂ ಕಣ್ಣೂ ಮುಳುಗುವಷ್ಟು. ಮರಿಗಳ ಪಾತ್ರೆಗೆ ಎರಡು ಇಂಚು ಸಾಕು.

ಮರಿಗಳಿಗೆ ಕೋಳಿಮರಿಯ ಆಹಾರ ಕೊಡುವವರು ಒಂದನ್ನು ಗಮನಿಸಬೇಕು. ಬಾತುಮರಿಗೆ ನಯಾಸಿನ್ ಹೆಚ್ಚು ಬೇಕು, ಆಹಾರದ ಕಿಲೋಗೆ 55 ಮಿಲಿಗ್ರಾಂನಷ್ಟು. ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ. ಬ್ರೂವರ್ಸ್ ಯೀಸ್ಟ್ ಬೆರೆಸಿದರೆ ಸರಿಹೋಗುತ್ತದೆ, ಸೊಟ್ಟಗಾಗಲು ತೊಡಗಿದ ಕೂಡಲೇ ಶುರು ಮಾಡಬೇಕು. ನಾಲ್ಕನೇ ವಾರ ಪಾಶ್ಚುರೆಲ್ಲಾ (ಬಾತುಗಳ ಕಾಲರಾ) ಲಸಿಕೆ, ಎಂಟನೇ ವಾರ ಬಾತುಪ್ಲೇಗಿನ ಲಸಿಕೆ ಹಾಕಿಸಿ.

ಆಫ್ರಿಕನ್ ಬಸವನಹುಳುವಿನ ಮರಿಗಳನ್ನು ಬಾತು ಚೆನ್ನಾಗಿಯೇ ತಿನ್ನುತ್ತದೆ, ಬಲಿತದ್ದನ್ನು ನುಂಗಲಾರದು. ತೋಟದಲ್ಲಿ ಹುಳುವಿಗೆ ಮೆಟಾಲ್ಡಿಹೈಡ್ ಗುಳಿಗೆ ಇಟ್ಟಿದ್ದರೆ ಬಾತು ಬಿಡಬೇಡಿ, ಗುಳಿಗೆ ತಿಂದರೂ ಗುಳಿಗೆ ತಿಂದ ಹುಳು ತಿಂದರೂ ಅಪಾಯ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಿಸುವ ದಿನ ಬಾತುಗಳನ್ನು ಕೂಡಿಹಾಕಿ. ಡ್ರಮ್ಮು, ಪಂಪು ತೊಳೆದ ನೀರು ಕೆರೆಗೆ ಇಳಿಯಬಾರದು, ಮೈಲುತುತ್ತದ ತಾಮ್ರ ಮೀನಿಗೂ ಹುಳುವಿಗೂ ವಿಷ.

ಪ್ರಶ್ನೆ: ಪರಿಚಯದವರು ಒಂದು ಜೋಡಿ ‘ಹಂಸ’ ಕೊಟ್ಟರು. ಬಿಳಿ ಮೈ, ಕೊಕ್ಕಿನ ಬುಡದಲ್ಲಿ ಕಿತ್ತಳೆ ಗುಬುಟು. ಮರಿಯೊಂದರ ರೆಕ್ಕೆ ಹೊರಕ್ಕೆ ತಿರುಗಿ ನಿಂತಿದೆ.
— ಮಂಜೇಶ್ವರದ ಓದುಗರು

ಉತ್ತರ: ಅದು ಚೀನೀ ಹೆಬ್ಬಾತು, ಹಂಸವಲ್ಲ. ಹೆಬ್ಬಾತಿನ ಮುಖ್ಯ ಆಹಾರ ಎಳೆಹುಲ್ಲು. ಅಂಗಳದಲ್ಲಿ ಹುಲ್ಲಿದ್ದರೆ ಧಾನ್ಯ ಸಂಜೆ ಒಂದು ಹಿಡಿ ಸಾಕು, ಜತೆಗೆ ಜೀರ್ಣಕ್ಕೆ ದಪ್ಪ ಹೊಯಿಗೆ. ರೆಕ್ಕೆ ತಿರುಗುವುದಕ್ಕೆ ಏಂಜಲ್ ವಿಂಗ್ ಎನ್ನುತ್ತಾರೆ. ಹೊಸ ಗರಿಗಳು ರಕ್ತ ತುಂಬಿ ಭಾರವಾಗಿರುವಾಗ ಮಣಿಗಂಟು ಅದನ್ನು ಹೊರಲಾರದೆ ತಿರುಚಿಕೊಳ್ಳುತ್ತದೆ. ಅತಿಯಾದ ಧಾನ್ಯ, ಕಡಿಮೆ ಓಡಾಟ ಇದಕ್ಕೆ ಮುಖ್ಯ ಕಾರಣವೆಂದು ಭಾವಿಸಲಾಗಿದೆ. ರೆಕ್ಕೆಯನ್ನು ಸಹಜವಾಗಿ ಮಡಚಿ, ಮೈಗೆ ಸುತ್ತದೆ ಆ ರೆಕ್ಕೆಗಷ್ಟೇ, ಮೆತ್ತನೆಯ ಬ್ಯಾಂಡೇಜು ಸಡಿಲವಾಗಿ ಕಟ್ಟಿ. ದಿನಕ್ಕೊಮ್ಮೆ ಬಿಚ್ಚಿ ನೋಡಿ ಮೂರು ನಾಲ್ಕು ದಿನ ಇಡಿ. ಧಾನ್ಯ ಇಳಿಸಿ ಹುಲ್ಲಿಗೆ ಬಿಡಿ. ಮೂಳೆ ಬಲಿತ ಮೇಲೆ ಇದು ಸರಿಯಾಗದು.

ಪ್ರಶ್ನೆ: ಚಳಿಗಾಲದಲ್ಲಿ ಕುಂಬಳೆ ಕಡೆಯ ಗದ್ದೆಗೂ ಅಳಿವೆಗೂ ಕಾಡುಬಾತುಗಳು ಬಂದಾಗ ಅಕ್ಕಿ ಚೆಲ್ಲಬಹುದೇ?

ಉತ್ತರ: ದಯವಿಟ್ಟು ಬೇಡ. ಕಂದು ಮೈಯ ಶಿಳ್ಳೆಬಾತು ಇರುಳಲ್ಲಿ ಮೇಯುವ ಹಕ್ಕಿ, ಗದ್ದೆಯಲ್ಲಿ ಉದುರಿದ ಕಾಳು, ಜಲಸಸ್ಯ, ಬಸವನಹುಳು ಅದಕ್ಕೆ ಸಾಕು. ಅಕ್ಕಿ ಚೆಲ್ಲಿದಲ್ಲಿಗೆ ಮನೆಬಾತುಗಳೂ ಬರುತ್ತವೆ, ನಾಯಿಗಳೂ ಬರುತ್ತವೆ. ಕಾಡುಹಕ್ಕಿಯೂ ಸಾಕುಹಕ್ಕಿಯೂ ಒಂದೇ ಕಡೆ ತಿಂದರೆ ರೋಗ ಎರಡೂ ದಿಕ್ಕಿಗೆ ದಾಟುತ್ತದೆ. ಉಪಕಾರ ಮಾಡುವ ಮನಸ್ಸಿದ್ದರೆ ಕೊಯ್ಲಿನ ಬಳಿಕ ಗದ್ದೆಯ ಒಂದು ಮೂಲೆಯಲ್ಲಿ ಅರ್ಧ ಅಡಿ ನೀರು ನಿಲ್ಲಿಸಿ, ಕೂಳೆಗೆ ಬೆಂಕಿ ಹಾಕಬೇಡಿ. ಕಾಡುಬಾತುಗಳ ಮೊಟ್ಟೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ಇಂಗ್ಲೆಂಡಿನ ಮಗನ ಮನೆಗೆ ಹೋಗಲಿದ್ದೇವೆ. ಅಲ್ಲಿ ಕಾಲುವೆಯಲ್ಲಿ ನಿಜವಾದ ಹಂಸಗಳಿವೆಯಂತೆ, ಏನು ಹಾಕಲಿ?
— ಬದಿಯಡ್ಕದ ಓದುಗರು

ಉತ್ತರ: ಸಣ್ಣಗೆ ಸೀಳಿದ ಲೆಟ್ಯೂಸ್, ಪಾಲಕ್, ಗೋಧಿ, ಐಸು ಬಿಟ್ಟ ಬಟಾಣಿ. ದಡದಲ್ಲಿ ಇಡದೆ ನೀರಿಗೆ ಹಾಕಿ. ದಡದಲ್ಲಿ ತಿಂದು ರೂಢಿಯಾದ ಹಂಸ ರಸ್ತೆಗೂ ಬರುತ್ತದೆ. 2018ರಲ್ಲಿ ಅಲ್ಲಿನ ರಾಣಿಯ ಹಂಸಗಳ ಉಸ್ತುವಾರಿ ಅಧಿಕಾರಿಯೇ ಬ್ರೆಡ್ಡು ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದರಿಂದ ಹಂಸಗಳು ಹಸಿದಿವೆ ಎಂದು ಕಳವಳ ವ್ಯಕ್ತಪಡಿಸಿದ್ದರು. ಹಾಗಾಗಿ ಬೂಸ್ಟಿಲ್ಲದ ಒಂದು ತುಂಡು ಹಾಕಿದರೆ ಅಪರಾಧವೇನಲ್ಲ. ಹಕ್ಕಿಜ್ವರದ ಫಲಕ ಕಂಡರೆ ಏನೂ ಹಾಕಬೇಡಿ.

ಪ್ರಶ್ನೆ: ಕೆರೆ ತುಂಬ ಆಫ್ರಿಕನ್ ಪಾಯಲ್ ಎಂಬ ತೇಲುವ ಕಳೆ. ಬಾತು ಬಿಟ್ಟರೆ ಹೋದೀತೇ? ಇಲ್ಲ ಕಳೆನಾಶಕ ಹೊಡೆಯಬೇಕೇ?
— ಮುಳ್ಳೇರಿಯದ ಓದುಗರು

ಉತ್ತರ: ಬಾತು ಅಜೋಲಾವನ್ನೂ ರಾಗಿಕಾಳಿನಷ್ಟು ಸಣ್ಣ ಎಲೆಯ ತೇಲುಪಾಚಿಯನ್ನೂ ಇಷ್ಟಪಟ್ಟು ತಿನ್ನುತ್ತದೆ, ರೋಮವಿರುವ ಪಾಯಲ್‌ ಅದಕ್ಕೆ ರುಚಿಸದು. ಕಳೆನಾಶಕ ಬೇಡ. ಗೇರು ತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ತೋಡು, ಗುಡ್ಡ ಕೊರೆದು ಮಾಡಿದ ನೀರಿನ ಸುರಂಗಗಳಿಗೆ ಇಳಿದು ಏನು ಮಾಡಿತೆಂಬುದನ್ನು ನಮ್ಮ ಕಾಸರಗೋಡು ಜಿಲ್ಲೆ ಅನುಭವಿಸಿದೆ. ಅಲ್ಲದೆ ಒಮ್ಮೆಗೇ ಸತ್ತ ಪಾಯಲ್ ತಳಕ್ಕೆ ಕುಸಿದು ಕೊಳೆತರೆ ಮೊದಲ ಉತ್ತರದಲ್ಲಿ ಹೇಳಿದ ತೊಂದರೆಯೇ ಬರುತ್ತದೆ. ನೀರು ಇಳಿದ ಫೆಬ್ರವರಿಯಲ್ಲಿ ಹಗ್ಗಕ್ಕೆ ಬಿದಿರು ಕಟ್ಟಿ ಒಂದು ದಡಕ್ಕೆ ಎಳೆದು ತೆಗೆಯಿರಿ, ವಾರಕ್ಕೊಮ್ಮೆ ಉಳಿದ ಚೂರುಗಳನ್ನು ಬುಟ್ಟಿಯಿಂದ ಎತ್ತಿ. ತೆಗೆದದ್ದನ್ನು ದಡದಲ್ಲಿ ಬಿಟ್ಟರೆ ಮೊದಲ ಮಳೆಗೆ ಕೆರೆಗೇ ಮರಳುತ್ತದೆ. ಅಡಿಕೆ ಬುಡಕ್ಕೆ ಸಾಗಿಸಿ, ಮೇಲೆ ಸೋಗೆ ಮುಚ್ಚಿ.