ಮಿಲನದ ಹೊತ್ತಿನ ಆ ತಲೆನೋವು

ನಮ್ಮ ಬಳಿ ಸಲಹೆಗೆ ಬಂದ ದಂಪತಿ. ಆಕೆಗೆ 34 ವರ್ಷ, ಪತಿಗೆ 38. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇವೆ. ಎರಡು ವರ್ಷಗಳ ಹಿಂದೆ ಬಿದ್ದು ಆಕೆಯ ಬೆನ್ನುಹುರಿಗೆ ಪೆಟ್ಟಾಗಿದೆ. ಟಿ-5 ಮಟ್ಟದ, ಅಂದರೆ ಬೆನ್ನುಹುರಿಯ ಎದೆಭಾಗದ ಐದನೇ ಹಂತದ, ಪೂರ್ಣ ಗಾಯ. ಎದೆಯಿಂದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ದಿನಕ್ಕೆ ಐದು ಸಲ ಕ್ಯಾತಿಟರ್ (ತೆಳು ಕೊಳವೆ) ಹಾಕಿ ಮೂತ್ರ ತೆಗೆಯಬೇಕು.

"ಎರಡು ಸಲ ಪ್ರಯತ್ನಪಟ್ಟೆವು. ಎರಡೂ ಸಲ ತಲೆ ಸಿಡಿಯುವಷ್ಟು ನೋವು, ಮುಖವೆಲ್ಲ ಉರಿ, ಕುತ್ತಿಗೆ ತುಂಬ ಬೆವರು. ಒಮ್ಮೆ ಹಾಸಿಗೆಯೂ ಒದ್ದೆಯಾಯಿತು. ಆಮೇಲೆ ಇವರು ಹತ್ತಿರ ಬರುವುದನ್ನೇ ಬಿಟ್ಟರು," ಎಂದರು ಆಕೆ. ಪತಿ ಹೇಳಿದ್ದು ಒಂದೇ ಮಾತು: "ನನ್ನಿಂದ ಏನಾದರೂ ಆಗಿಬಿಟ್ಟರೆ?" ಭಯಕ್ಕೆ ತಲೆನೋವು ಬರುತ್ತದೆ ಎಂದು ಇಬ್ಬರೂ ನಂಬಿದ್ದರು.

ಇದು ಮನಸ್ಸಿನಿಂದ ಬಂದ ನೋವಲ್ಲ. ಗಾಯ ಟಿ-6 ಅಥವಾ ಅದಕ್ಕಿಂತ ಮೇಲಿದ್ದರೆ, ಕೆಳಭಾಗದಲ್ಲಿ ಆಗುವ ಯಾವುದೇ ಪ್ರಬಲ ಪ್ರಚೋದನೆಗೆ ರಕ್ತನಾಳಗಳು ಒಮ್ಮೆಲೇ ಬಿಗಿದುಕೊಳ್ಳುತ್ತವೆ. ತುಂಬಿದ ಮೂತ್ರಕೋಶ, ಕಟ್ಟಿಕೊಂಡ ಮಲ, ಯೋನಿಯ ಘರ್ಷಣೆ, ಯಾವುದಾದರೂ ಸಾಕು. ರಕ್ತನಾಳಗಳನ್ನು ಸಡಿಲಿಸಲು ಮೆದುಳು ಕಳಿಸುವ ಆದೇಶ ಗಾಯ ದಾಟಿ ಕೆಳಗಿಳಿಯುವುದಿಲ್ಲ. ರಕ್ತದೊತ್ತಡ ಏರುತ್ತಲೇ ಹೋಗುತ್ತದೆ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ನಿರ್ಲಕ್ಷಿಸಿದರೆ ಪಾರ್ಶ್ವವಾಯುವಿನವರೆಗೂ ಹೋಗಬಲ್ಲದು, ಆದ್ದರಿಂದ ನೋವಿನ ಮಾತ್ರೆ ನುಂಗಿ ಮುಂದುವರಿಯುವ ವಿಷಯವಲ್ಲ.

ಮೊದಲು ಕೊಟ್ಟ ಕೆಲಸ: ಒಂದು ವಾರ ಬೆಳಿಗ್ಗೆ, ಸಂಜೆ ರಕ್ತದೊತ್ತಡ ಅಳೆದು ಬರೆದಿಡುವುದು. ಆಕೆಯ ಮಾಮೂಲಿ ಮೇಲಿನ ಅಂಕಿ 98ರ ಆಸುಪಾಸು ಎಂದು ತಿಳಿಯಿತು. ಈ ಅಂಕಿ ಗೊತ್ತಿರಲೇಬೇಕು. ಮಾಮೂಲಿಗಿಂತ 20ರಿಂದ 40 ಏರಿದರೂ ಅದು ಡಿಸ್‌ರಿಫ್ಲೆಕ್ಸಿಯಾ. ವಿಷಯ ಗೊತ್ತಿಲ್ಲದವರು 135 ನೋಡಿ "ಅಷ್ಟೇನಿಲ್ಲ" ಎಂದುಬಿಡುತ್ತಾರೆ.

ತಲೆನೋವು ಶುರುವಾದರೆ ಮಾಡಬೇಕಾದ್ದನ್ನು ಬಟ್ಟೆ ತೊಟ್ಟೇ ಇಬ್ಬರಿಂದಲೂ ಮಾಡಿಸಿದೆವು. ತಕ್ಷಣ ನಿಲ್ಲಿಸಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಬಿಗಿಯಾದುದನ್ನೆಲ್ಲ ಸಡಿಲಿಸಿ, ಕ್ಯಾತಿಟರ್ ಹಾಕಿ ಮೂತ್ರ ಖಾಲಿ ಮಾಡಿ. ಎರಡರಿಂದ ಐದು ನಿಮಿಷಕ್ಕೊಮ್ಮೆ ಒತ್ತಡ ಅಳೆಯಿರಿ. ಇಳಿಯದೆ 150 ದಾಟಿದರೆ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ ಕಾಯಿಲೆಯ ಹೆಸರು ಹೇಳಿ. ಮತ್ತೆ ಪ್ರಯತ್ನಿಸುವ ಮೊದಲು ಪುನಶ್ಚೇತನ ವೈದ್ಯರನ್ನು ಕಾಣುವಂತೆಯೂ ಹೇಳಿದೆವು. ಕೆಲವರಿಗೆ ಮುಂಜಾಗ್ರತೆಯ ಔಷಧಿ ಬೇಕಾಗುತ್ತದೆ.

ಒದ್ದೆಯಾಗುವ ಚಿಂತೆಗೆ ಉತ್ತರ ಸುಲಭ. ಎರಡು ಮೂರು ಗಂಟೆ ಮೊದಲಿನಿಂದ ನೀರು ಕಡಿಮೆ, ಶುರುವಿಗೆ ಮುನ್ನ ಮೂತ್ರ ಪೂರ್ತಿ ಖಾಲಿ, ಮಲವಿಸರ್ಜನೆಯ ದಿನಚರಿ ಅಂದು ಮೊದಲೇ ಮುಗಿದಿರಬೇಕು. ಆದರೂ ಒಂದು ಟವೆಲ್ ಹಾಸಿಕೊಳ್ಳಿ. ಮುಗಿದ ಮೇಲೆ ಇನ್ನೊಮ್ಮೆ ಮೂತ್ರ ತೆಗೆದರೆ ಸೋಂಕಿನ ಸಾಧ್ಯತೆ ತಗ್ಗುತ್ತದೆ.

ಕ್ಯಾತಿಟರ್ ಹಾಕುವುದು ಪತಿಯೇ ಎಂಬುದು ಎರಡನೇ ಭೇಟಿಯಲ್ಲಿ ಹೊರಬಂತು. ಆರೈಕೆ ಮಾಡಿದ ಕೈಯೇ ಹತ್ತು ನಿಮಿಷದಲ್ಲಿ ಪ್ರೇಮಿಯ ಕೈಯಾಗುವುದು ಇಬ್ಬರಿಗೂ ಕಷ್ಟ. ಆಕೆಯ ಕೈಗಳಿಗೆ ಪೂರ್ಣ ಶಕ್ತಿಯಿದೆ. ಕನ್ನಡಿ ಇಟ್ಟುಕೊಂಡು ತಾನೇ ಹಾಕಿಕೊಳ್ಳುವುದನ್ನು ನರ್ಸ್ ಕಲಿಸಿದರು. ಇಡೀ ಪ್ರಕರಣದಲ್ಲಿ ಹೆಚ್ಚು ಬದಲಾವಣೆ ತಂದದ್ದು ಇದೇ ಎಂದು ನಮ್ಮ ಅಭಿಪ್ರಾಯ.

"ನನಗೆ ಏನೂ ಗೊತ್ತಾಗದಿದ್ದ ಮೇಲೆ ಇದೆಲ್ಲ ಯಾಕೆ?" ಎಂಬ ಪ್ರಶ್ನೆಗೆ ಸಮಾಧಾನದ ಮಾತಿಗಿಂತ ಮೈಯ ನಕಾಶೆ ಉಪಯೋಗಕ್ಕೆ ಬಂತು. ಅವಸರವಿಲ್ಲದ ಅರ್ಧ ಗಂಟೆ, ಸಂಭೋಗದ ನಿರೀಕ್ಷೆಯಿಲ್ಲದೆ, ಪತಿ ಬೆರಳು, ತುಟಿ, ಮೆತ್ತನೆ ಬಟ್ಟೆಯಿಂದ ಮುಟ್ಟುತ್ತ ಹೋಗುವುದು. ಆಕೆ ಹಿತ, ಅಹಿತ, ಏನಿಲ್ಲ ಎಂದಷ್ಟೇ ಹೇಳುವುದು. ಸ್ಪರ್ಶ ನಿಲ್ಲುವ ಗೆರೆಯ ಸುತ್ತಲಿನ ಚರ್ಮ ಅನೇಕರಲ್ಲಿ ಅತಿಸೂಕ್ಷ್ಮ. ಆಕೆಗೆ ಕಿವಿಯ ಹಿಂಭಾಗ, ಕತ್ತು, ಕಂಕುಳ ಪಕ್ಕ ಹಿತವೆನಿಸಿದವು. ಬೆನ್ನುಹುರಿ ಗಾಯವಾದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಪರಾಕಾಷ್ಠೆ ಅನುಭವಿಸಬಲ್ಲರು. ಮೊದಲಿಗಿಂತ ಹೆಚ್ಚು ಹೊತ್ತು ಬೇಕು, ಅಷ್ಟೇ.

ಮನಸ್ಸಿನ ಬಯಕೆಯಿಂದ ಯೋನಿ ತೇವವಾಗುವ ದಾರಿ ಬೆನ್ನುಹುರಿಯ ಟಿ-11ರಿಂದ ಎಲ್-2ರ (ಎದೆಭಾಗದ ಕೊನೆ, ಸೊಂಟಭಾಗದ ಆರಂಭ) ನಡುವೆ ಹೊರಡುತ್ತದೆ. ಆಕೆಯಲ್ಲಿ ಅದು ಮೆದುಳಿನಿಂದ ಕಡಿದಿದೆ. ಬೆನ್ನುಹುರಿಯ ತೀರಾ ಕೆಳಗಿನ ಎಸ್-2ರಿಂದ ಎಸ್-4ರ ಪ್ರತಿವರ್ತನೆ (ಮೆದುಳಿನ ಆದೇಶವಿಲ್ಲದೆ ಆಗುವ ಪ್ರತಿಕ್ರಿಯೆ) ಉಳಿದಿರುವುದರಿಂದ ನೇರ ಸ್ಪರ್ಶಕ್ಕೆ ತೇವವಾಗಬಹುದು. ಆದರೂ ನೀರು ಆಧಾರಿತ ಜೆಲ್ ಧಾರಾಳವಾಗಿ ಬಳಸಿ, ಗಾಯವಾದರೂ ನೋವು ಗೊತ್ತಾಗುವುದಿಲ್ಲವಲ್ಲ. ಎಣ್ಣೆ ಬೇಡ, ಲ್ಯಾಟೆಕ್ಸ್ ಕಾಂಡೋಮ್ ಹರಿಯುತ್ತದೆ. ತೊಡೆಗಳ ಸೆಳೆತಕ್ಕೆ ಪಕ್ಕಕ್ಕೆ ಮಲಗಿ, ಮೊಣಕಾಲು ಮಡಚಿ, ನಡುವೆ ದಿಂಬು ಇಡುವುದು ಒಗ್ಗಿತು. ನಂತರ ತ್ರಿಕಾಸ್ಥಿ (ಬೆನ್ನಿನ ಬುಡದ ಮೂಳೆ), ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಒತ್ತಡದಿಂದ ಚರ್ಮ ಕೆಂಪಾಗಿದೆಯೇ ನೋಡಬೇಕು.

ಗರ್ಭ ನಿಲ್ಲುವುದಿಲ್ಲ ಎಂದು ಇಬ್ಬರೂ ಭಾವಿಸಿದ್ದರು. ಮುಟ್ಟು ಮರಳಿದ ಮೇಲೆ ಗರ್ಭ ನಿಲ್ಲುತ್ತದೆ. ಈಸ್ಟ್ರೊಜನ್ ಇರುವ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಗರ್ಭಕೋಶದೊಳಗೆ ವಂಕಿ (ಕಾಪರ್-ಟಿಯಂಥ ಗರ್ಭನಿರೋಧಕ) ಹಾಕುವಾಗ ರಕ್ತದೊತ್ತಡ ಏರಬಹುದು, ಅದು ಜಾರಿದರೂ ನೋವು ತಿಳಿಯದು. ಸ್ತ್ರೀರೋಗ ತಜ್ಞರ ತೀರ್ಮಾನದವರೆಗೆ ಕಾಂಡೋಮ್ ಎಂದಾಯಿತು.

ಮೂರನೇ ತಿಂಗಳ ಭೇಟಿಯಲ್ಲಿ ರಕ್ತದೊತ್ತಡ ಬರೆದಿಟ್ಟ ಪುಸ್ತಕ ತೋರಿಸಿದರು. ಒಂದು ರಾತ್ರಿ 126ಕ್ಕೆ ಏರಿತ್ತು. ಕೂರಿಸಿ, ಮೂತ್ರ ತೆಗೆದ ಮೇಲೆ 104ಕ್ಕೆ ಇಳಿದಿತ್ತು. ಅಂದು ಇಬ್ಬರೂ ಬೇರೆ ಬೇರೆ ಮಲಗಲಿಲ್ಲ.