ಮೀನಖಂಡ ಅದುರಿದ್ದಕ್ಕೆಲ್ಲ ಎಎಲ್‌ಎಸ್ ಅನ್ನಬೇಡಿ

ಪ್ರಶ್ನೆ: ಎರಡನೇ ವರ್ಷದ ಎಂಬಿಬಿಎಸ್ ಓದುತ್ತಿದ್ದೇನೆ. ಮೂರು ವಾರದಿಂದ ಕಣ್ಣಿನ ರೆಪ್ಪೆ, ಮೀನಖಂಡ ಅದುರುತ್ತಿವೆ. ಇಬ್ಬರು ಡಾಕ್ಟರು ಪರೀಕ್ಷಿಸಿ ಏನೂ ಇಲ್ಲ ಅಂದರು. ಆದರೂ ಸ್ನಾಯು ಸೊರಗಿದೆಯೇ ಅಂತ ದಿನಾ ರಾತ್ರಿ ಟೇಪ್ ಹಿಡಿದು ಕಾಲು ಅಳೆಯುತ್ತೇನೆ. ವಿಜ್ಞಾನಿ ಸ್ಟೀಫನ್ ಹಾಕಿಂಗ್‌ಗೆ 21ಕ್ಕೇ ಎಎಲ್‌ಎಸ್ (ನರಕೋಶಗಳು ಸತ್ತು ಸ್ನಾಯುಗಳ ಬಲ ಕುಂದುತ್ತಾ ಹೋಗುವ ರೋಗ) ಇರುವುದು ಗೊತ್ತಾಗಿತ್ತಲ್ಲ?

ಉತ್ತರ: ಪೆಥಾಲಜಿ, ಅಂದರೆ ರೋಗಗಳ ಪಾಠ, ಶುರುವಾದ ಕೂಡಲೇ ಇಂಥ ಪ್ರಶ್ನೆಗಳು ಬರುತ್ತವೆ. ರೋಗದ ಹೆಸರು ಮಾತ್ರ ಬೇರೆ. ಲಕ್ಷಣಗಳನ್ನು ಪುಟಗಟ್ಟಲೆ ಬಾಯಿಪಾಠ ಮಾಡುತ್ತೀರಿ. ರೋಗ ಎಷ್ಟು ಅಪರೂಪ ಅನ್ನುವ ಸಾಲನ್ನು ಹಾರಿಸಿಬಿಡುತ್ತೀರಿ. ಎಎಲ್‌ಎಸ್ ಸಾಮಾನ್ಯವಾಗಿ 50 ದಾಟಿದವರಿಗೆ ಬರುವುದು. ಹಾಕಿಂಗ್ ವಿಷಯವನ್ನೂ ಅರ್ಧ ಓದಿದ್ದೀರಿ. 1963ರಲ್ಲಿ ರೋಗ ಪತ್ತೆಯಾಗುವ ಮೊದಲೇ ಅವರು ಎಡವಿ ಬೀಳುತ್ತಿದ್ದರು, ಮಾತು ತೊದಲುತ್ತಿತ್ತು. ನೋಡಬೇಕಾದದ್ದು ಬಲ. ಚಪ್ಪಲಿ ಕಾಲಿನಿಂದ ಗೊತ್ತಿಲ್ಲದೆ ಜಾರುತ್ತಿದೆಯೇ? ಅಂಗಿ ಗುಂಡಿ ಹಾಕಲು ಬೆರಳು ಸೋಲುತ್ತಿವೆಯೇ? ಹಾಗಿದ್ದರೆ ನಾಳೆಯೇ ನ್ಯೂರಾಲಜಿಸ್ಟ್‌ಗೆ ತೋರಿಸಿ. ಬಲ ಸರಿಯಿದ್ದು ಸುಮ್ನೆ ಅದುರುತ್ತಿದ್ದರೆ, ಸಾಮಾನ್ಯವಾಗಿ ಅದಕ್ಕೆ ಕಾರಣ ನಿದ್ದೆಗೇಡು, ಜಾಸ್ತಿ ಕಾಫಿ, ಆತಂಕ.

ನನಗೆ ಚಿಂತೆ ಇರುವುದು ಆ ಟೇಪಿನ ಬಗ್ಗೆ. ಎರಡು ಕಾಲಿನ ಅಳತೆಯಲ್ಲಿ ಚೂರು ವ್ಯತ್ಯಾಸ ಎಲ್ಲರಿಗೂ ಇರುತ್ತದೆ. ಟೇಪ್ ಅರ್ಧ ಇಂಚು ಮೇಲೆ ಕೂತರೂ ಅಳತೆ ಬದಲಾಗುತ್ತದೆ. ಅಳೆದಾಗ ಒಂದು ಗಂಟೆ ಸಮಾಧಾನ, ಆಮೇಲೆ ಮತ್ತೆ ಅನುಮಾನ. ಅಳೆದಿದ್ದಕ್ಕೇ ಬಚಾವಾದೆ ಅಂತ ಮನಸ್ಸು ನಂಬಿಬಿಡುತ್ತದೆ. ಮೂರನೇ ಡಾಕ್ಟರ ಹತ್ತಿರ ಹೋದರೂ ಇದೇ ಕತೆ. ಹಾಗಾಗಿ ಇನ್ನೊಂದು ಟೆಸ್ಟ್ ಬರೆದುಕೊಡಿ ಅಂದರೆ ನಾನಂತೂ ಒಪ್ಪುವುದಿಲ್ಲ. ಟೇಪನ್ನು ಇವತ್ತೇ ಗೆಳೆಯರಿಗೆ ಕೊಟ್ಟುಬಿಡಿ. ಅಳೆಯಬೇಕು, ಗೂಗಲ್ ಮಾಡಬೇಕು ಅನ್ನಿಸಿದಾಗ ಅರ್ಧ ಗಂಟೆ ತಡೆಯಿರಿ. ಆಮೇಲೆ ಒಂದು ಗಂಟೆ. ಮೊದಮೊದಲು ಭಯ ಜಾಸ್ತಿಯೇ ಆಗುತ್ತದೆ, ತಡೆದುಕೊಳ್ಳಿ.

ಓದು, ನಿದ್ದೆ ಕೆಡುತ್ತಿದ್ದರೆ ಮನೋವೈದ್ಯರನ್ನು ನೋಡಿ. ಯೋಚನೆ, ಅಭ್ಯಾಸಗಳನ್ನು ಬದಲಿಸುವ ಮಾತಿನ ಚಿಕಿತ್ಸೆ ಸಿಬಿಟಿ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ವಂತ ಕಾಲೇಜಿನ ಓಪಿಡಿಯಲ್ಲಿ ಕೂರಲು ಮುಜುಗರ ಅಲ್ವಾ? ಬೇರೆ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ.

ಪ್ರಶ್ನೆ: ಮಗ ಮೆಡಿಕಲ್ ಓದುತ್ತಿದ್ದಾನೆ, ಸದಾ ಭಯ. 'ನರ ದೌರ್ಬಲ್ಯ' ಅಂತ ಊರಿನವರೊಬ್ಬರು ಇಂಜೆಕ್ಷನ್ ಕೋರ್ಸ್ ಹೇಳಿದ್ದಾರೆ. ಕೊಡಿಸಲೇ?

ಉತ್ತರ: ಬೇಡವೇ ಬೇಡ. ಪರೀಕ್ಷೆಯನ್ನೇ ಮಾಡದೆ ಸೂಜಿ ಚುಚ್ಚುವವರು ನಿಮ್ಮ ದುಡ್ಡು ದೋಚುತ್ತಾರೆ, ಹುಡುಗನ ಭಯಕ್ಕೆ ಒಂದು ಸುಳ್ಳು ಹೆಸರೂ ಅಂಟಿಸುತ್ತಾರೆ.

ಪ್ರಶ್ನೆ: ಎದೆ ಡವಡವ ಅನ್ನುತ್ತದೆ ಅಂತ ರೂಮ್‌ಮೇಟ್ ಆತಂಕದ ಮಾತ್ರೆ ಅಲ್ಪ್ರಾಜೊಲಾಮ್ ಕೊಟ್ಟಳು. ಪರೀಕ್ಷೆ ಮುಗಿಯುವವರೆಗೆ ತಗೊಳ್ಳಬಹುದೇ?

ಉತ್ತರ: ಬೇಡ. ಚಟ ಹತ್ತುತ್ತದೆ, ಓದಿದ್ದೂ ನೆನಪಿನಲ್ಲಿ ನಿಲ್ಲುವುದಿಲ್ಲ. ವಾರಗಟ್ಟಲೆ ದಿನಾ ನುಂಗುತ್ತಿದ್ದರೆ ಮಾತ್ರ ತಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ.