ಪ್ರವಾಹ ತಡೆ ಯೋಜನೆಯಲ್ಲಿ ಯಾವ ಅಂಶಕ್ಕೆ ಎಷ್ಟು ತೂಕ?

ಹಲವು ಪ್ರವಾಹ ತಡೆ ಯೋಜನೆಗಳಲ್ಲಿ ಒಂದನ್ನು ಆರಿಸುವಾಗ ಪ್ರಾಣಹಾನಿ, ಆಸ್ತಿ ನಷ್ಟ, ಖರ್ಚು, ಪರಿಸರ ಇವುಗಳಲ್ಲಿ ಯಾವುದು ಮೊದಲು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರಾಣರಕ್ಷಣೆಯನ್ನು ಅಂಕಗಳ ಪಟ್ಟಿಗೇ ಸೇರಿಸಬಾರದು. ಅದು ಕನಿಷ್ಠ ಷರತ್ತು. ಅದನ್ನು ಪೂರೈಸದ ಯೋಜನೆ ಎಷ್ಟೇ ಅಗ್ಗವಾಗಿದ್ದರೂ ಹೊರಗೆ.

ಉಳಿದವನ್ನು ಎರಡೆರಡಾಗಿ ಹೋಲಿಸಿ. ಗಣಿತಜ್ಞ ಥಾಮಸ್ ಸಾಟಿ ರೂಪಿಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್) ಎಂಬ ನಿರ್ಧಾರ ವಿಧಾನದಲ್ಲಿ, ಒಂದು ಅಂಶ ಇನ್ನೊಂದಕ್ಕಿಂತ ಎಷ್ಟು ಮುಖ್ಯ ಎಂದು ಹೇಳಲು 1ರಿಂದ 9ರ ಅಳತೆಯಿದೆ. ಹೋಲಿಕೆಗಳಿಂದಲೇ ತೂಕ ಸಿಗುತ್ತದೆ. ಹೋಲಿಕೆಗಳು ಎಷ್ಟು ತಾಳೆ ತಪ್ಪಿವೆ ಎಂದು ಅಳೆಯುವ ತಾಳೆ ಅನುಪಾತ (ಕನ್ಸಿಸ್ಟೆನ್ಸಿ ರೇಷಿಯೋ) 0.1 ದಾಟಿದರೆ ನಿಮ್ಮ ಉತ್ತರಗಳೇ ಒಂದಕ್ಕೊಂದು ಹೊಂದುತ್ತಿಲ್ಲ ಎಂದರ್ಥ.

ಜಾಸ್ತಿ ಜನ ಎಡವುವುದು ಇಲ್ಲಿ: ಖರ್ಚು ಮುಖ್ಯ ಅಂತ ಸುಮ್ನೆ ದೊಡ್ಡ ತೂಕ ಕೊಟ್ಟುಬಿಡುತ್ತಾರೆ. ಎಲ್ಲ ಆಯ್ಕೆಗಳ ಖರ್ಚೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಆ ತೂಕದಿಂದ ಏನು ಪ್ರಯೋಜನ, ಅಲ್ವಾ? ಆಯ್ಕೆಗಳ ನಡುವಿನ ಅಂತರ ನೋಡಿ ತೂಕ ಕೊಡಿ. ಆಮೇಲೆ ತೂಕಗಳನ್ನು ಸ್ವಲ್ಪ ಆಚೀಚೆ ಮಾಡಿ. ಅಷ್ಟಕ್ಕೇ ಮೊದಲ ಸ್ಥಾನ ಬದಲಾದರೆ ಆ ಫಲಿತಾಂಶ ನಂಬಿ ತಡೆಗೋಡೆ ಕಟ್ಟಲು ಹೊರಡಬೇಡಿ.